ದೋಟಿ ಮಾಯವಾದ ಬ್ಯಾನರು

ಬೆಳ್ಳಾರೆ ಬಸ್ ನಿಲ್ದಾಣದ ಎದುರು ಸೇವಂತಿಯ ಬ್ಯಾನರು ಏರಿದ ಬೆಳಿಗ್ಗೆ ಅವಳಿಗೆ ಮೊದಲು ಫೋನು ಮಾಡಿದವಳು ಅವಳ ನಾದಿನಿ. ಕೆಲಸ ಕೊಡುವವರ ಫೋನು ಬಂತೆಂದು ಸೇವಂತಿ ಕಾವಲಿಯ ಮೇಲಿನ ದೋಸೆಯನ್ನು ಅದರ ಪಾಡಿಗೆ ಬಿಟ್ಟು ಓಡಿಬಂದಿದ್ದಳು.

"ಅತ್ತಿಗೆ, ಬ್ಯಾನರಿನಲ್ಲಿ ನೀವು ಎಂತ ಹಿಡ್ಕೊಂಡದ್ದು?"

"ಎಂತ ಹಿಡಿಯುದು? ದೋಟಿ."

"ದೋಟಿ ಎಲ್ಲುಂಟು? ನಾನು ಬಸ್ಸಿಂದ ಇಳಿದು ಎರಡೆರಡು ಸಲ ನೋಡಿದೆ. ಖಾಲಿ ಕೈ. ಮೇಲೆ ನೋಡಿಕೊಂಡು, ಒಂದು ಮುಷ್ಟಿಯ ಮೇಲೆ ಇನ್ನೊಂದು ಮುಷ್ಟಿ ಇಟ್ಟು, ಹಗ್ಗ ಹಿಡಿದು ಸ್ವರ್ಗಕ್ಕೆ ಹತ್ತುವವರ ಹಾಗೆ ಉಂಟು."

ದೋಸೆ ಕರಟಿತು. ಸೇವಂತಿ ಗಂಡ ಶ್ಯಾಮನ ಬೈಕಿನ ಹಿಂದೆ ಕುಳಿತು ಪೇಟೆಗೆ ಬಂದಳು.

ಬ್ಯಾನರು ಚೆನ್ನಾಗಿಯೇ ಇತ್ತು. ಕಣ್ಣು ಕುಕ್ಕುವ ನೀಲಿ ಆಕಾಶ, ಅಲ್ಲಲ್ಲಿ ಹತ್ತಿಯಂಥ ಮೋಡ, ಕೆಳಗೆ ಟೊಪ್ಪಿ, ಕನ್ನಡಕ, ಗಂಡನ ಹಳದಿ ಅಂಗಿ ತೊಟ್ಟ ಸೇವಂತಿ. ಕೆಳಗೆ ದಪ್ಪ ಅಕ್ಷರಗಳಲ್ಲಿ, 'ಮರ ಎಷ್ಟೇ ಎತ್ತರ ಇರಲಿ, ಮದ್ದು ಗೊನೆಗೇ!' ಅದರ ಕೆಳಗೆ ಮೂವರು ಹೆಂಗಸರ ಹೆಸರು, ಫೋನ್ ನಂಬರು. ಮದ್ದು ಬಿಡುವ ಉದ್ದದ ಕೋಲು, ಆ ದೋಟಿ ಮಾತ್ರ ಇರಲಿಲ್ಲ. ದೋಟಿಗೆ ಕಟ್ಟಿದ ಪೈಪಿಲ್ಲ, ಪೈಪಿನ ತುದಿಯಿಂದ ಹಾರುವ ಮದ್ದಿಲ್ಲ. ಅಡಿಕೆ ಮರಗಳ ಸೋಗೆಯ ತುದಿಗಳನ್ನು ಕೂಡ ಯಾರೋ ಮದುವೆಗೆ ಹೊರಟವರ ಹಾಗೆ ಕ್ಷೌರ ಮಾಡಿಸಿದ್ದರು.

ಪುತ್ತೂರಿಗೆ ಹೊರಟು ನಿಂತ ಬಸ್ಸಿನ ಕಂಡಕ್ಟರು, ನಿನ್ನೆ ಸಂಜೆ ಈ ಬ್ಯಾನರನ್ನು ಸುರುಳಿ ಮಾಡಿ ಪುತ್ತೂರಿನ ಪ್ರೆಸ್ಸಿನಿಂದ ಸೀಟಿನಡಿ ಇಟ್ಟು ತಂದವನೇ, ಬಾಗಿಲಲ್ಲಿ ನೇತಾಡುತ್ತ ಕೂಗಿದ. "ಸೇವಂತಿಯಕ್ಕ, ಇದು ನಮ್ಮ ಬಸ್ಸಿನಲ್ಲಿ ಸೀಟು ಸಿಗದೆ ಕಂಬ ಹಿಡ್ಕೊಂಡು ನಿಂತಾಗ ತೆಗೆದ ಫೋಟೋ ಅಲ್ವಾ? ಬಸ್ಸನ್ನು ಎಂತಕ್ಕೆ ಕತ್ತರಿಸಿದ್ದು?"

ನಿಲ್ದಾಣವಿಡೀ ನಕ್ಕಿತು. ಸೇವಂತಿಗೂ ನಗು ಬಂತು, ಆದರೆ ಅರ್ಧದಲ್ಲಿ ನಿಂತಿತು.

ಈ ಬ್ಯಾನರಿನ ಮೇಲೆ ಅವಳು ಇಟ್ಟುಕೊಂಡಿದ್ದ ಆಸೆ ಸಣ್ಣದಲ್ಲ. ಮೊದಲೆಲ್ಲ ದೋಟಿ ಎಂದರೆ ಅಂಗಳದ ಮಾವಿನಕಾಯಿ ಕೊಯ್ಯುವ ಬಿದಿರ ಕೋಲು. ಈಗಿನದ್ದು ಫೈಬರಿನದ್ದು, ಒಂದರೊಳಗೊಂದು ಸೇರುವ ಕಪ್ಪು ಕೊಳವೆಗಳು. ಎಳೆದು ಉದ್ದ ಮಾಡಿದರೆ ಅಡಿಕೆ ಮರದ ಕೊನೆಯನ್ನು ಮುಟ್ಟುತ್ತದೆ. ತುದಿಗೆ ಕತ್ತಿ ಸಿಕ್ಕಿಸಿದರೆ ಗೊನೆ ಕೊಯ್ಯಬಹುದು, ಪೈಪು ಕಟ್ಟಿ ನೋಝಲ್ ಸಿಕ್ಕಿಸಿದರೆ ಮಳೆಗೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮದ್ದು ಬಿಡಬಹುದು. ಮರ ಹತ್ತುವವರು ಕಡಿಮೆಯಾದ ಮೇಲೆ ಊರಿನ ಸಂಘದವರು ದೋಟಿಯ ತರಬೇತಿ ನಡೆಸಿದಾಗ ಸೇವಂತಿಯ ಜೊತೆಗೆ ನೆರೆಮನೆಯ ಲೋಲಾಕ್ಷಿ, ಪ್ರೇಮಾವತಿ ಇಬ್ಬರೂ ಹೋಗಿದ್ದರು. ದೋಟಿ ಹಿಡಿಯುವುದು ಸೇವಂತಿ, ಪೈಪು ಎಳೆಯುವುದು ಲೋಲಾಕ್ಷಿ, ಪಂಪು ಮತ್ತು ಮದ್ದಿನ ಡ್ರಮ್ಮು ನೋಡಿಕೊಳ್ಳುವುದು ಪ್ರೇಮಾವತಿ. ಕಳೆದ ಮಳೆಗಾಲದಲ್ಲಿ ತಮ್ಮ ತಮ್ಮ ತೋಟಗಳಿಗೆ ತಾವೇ ಮದ್ದು ಬಿಟ್ಟುಕೊಂಡಿದ್ದರು. ಈ ವರ್ಷ ಬೇರೆಯವರ ತೋಟಕ್ಕೂ ಹೋಗುವುದೆಂದು ನಿಶ್ಚಯವಾಗಿತ್ತು.

ಆದರೆ ಕರೆಯುವವರು ಬೇಕಲ್ಲ. ಜೂನ್ ಹಿಡಿದಿತ್ತು, ಮಳೆ ಇವತ್ತೋ ನಾಳೆಯೋ ಎನ್ನುವ ಹಾಗಿತ್ತು, ಮೊದಲ ಮದ್ದಿನ ಸಮಯ. ಒಬ್ಬರೂ ಕರೆದಿರಲಿಲ್ಲ. ಲೋಲಾಕ್ಷಿಗೆ ಪುತ್ತೂರಿನ ಹತ್ತಿರದ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಸಿಗುವುದಿತ್ತು. ಬರುತ್ತೀಯೋ ಇಲ್ಲವೋ ಎಂದು ಸೋಮವಾರದೊಳಗೆ ಹೇಳಬೇಕಿತ್ತು. ಅವಳು ಹೋದರೆ ಪೈಪು ಎಳೆಯುವವರಿಲ್ಲ. ಪೈಪು ಎಳೆಯುವವರಿಲ್ಲದಿದ್ದರೆ ತಂಡವೇ ಇಲ್ಲ, ಸೇವಂತಿ ದೋಟಿಯಲ್ಲಿ ನುಗ್ಗೆಕಾಯಿ ಕೊಯ್ಯಬೇಕಷ್ಟೆ.

ಶ್ಯಾಮ ಬ್ಯಾನರು ಬಿಚ್ಚಲು ಕಂಬ ಹತ್ತಿದ. ಸೇವಂತಿ ರಸ್ತೆ ದಾಟಿ, ಬ್ಯಾನರು ಮಾಡಿಕೊಟ್ಟ ಪ್ರಸನ್ನನ ಸ್ಟುಡಿಯೋದ ಮೆಟ್ಟಿಲು ಏರಿದಳು.

"ಪ್ರಸನ್ನ, ನನ್ನ ದೋಟಿ ಎಲ್ಲಿ?"

ಮದುವೆ ಆಲ್ಬಮ್ಮುಗಳ ನಡುವೆ ಕುಳಿತಿದ್ದ ಪ್ರಸನ್ನ ಎದ್ದು ನಿಂತ. ಅವನಿಗೂ ಸುದ್ದಿ ಮುಟ್ಟಿತ್ತೆಂದು ಮುಖವೇ ಹೇಳುತ್ತಿತ್ತು. "ಅಕ್ಕ, ಕೂತ್ಕೊಳ್ಳಿ. ನಾನು ನಿಮಗೆ ವಾಟ್ಸಾಪಿನಲ್ಲಿ ಹಾಕಿದ್ದೆ ಅಲ್ವಾ? ನೋಡಿ ಓಕೆ ಹೇಳಿದ್ದು ನೀವೇ."

ಹೌದು, ಹೇಳಿದ್ದಳು. ಶಾಲೆ ಶುರುವಾದ ದಿನ, ಮಗಳು ಯಶಸ್ವಿಯ ಜಡೆ ಹೆಣೆಯುತ್ತ, ರಿಬ್ಬನ್ನಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮಗಳ ತಲೆಯ ಮೇಲೆಯೇ ಫೋನು ಇಟ್ಟುಕೊಂಡು ನೋಡಿದ್ದಳು. ಅದೂ ಊರಿನಲ್ಲಿ ಎಲ್ಲರೂ ಬ್ಯಾನರು ನೋಡುವ ಕ್ರಮದಲ್ಲೇ. ಯಾರ ಹೆಸರು ಮೇಲೆ ಬಂತು, ಯಾರದ್ದು ಕೆಳಗೆ ಹೋಯಿತು? ಪ್ರೇಮಾವತಿ ಹಿರಿಯವಳು, ಅವಳ ಹೆಸರು ಮೊದಲು ಬಂದಿದೆಯೇ? ನಂಬರು ಸರಿಯೇ? ಬ್ಯಾನರಿನಿಂದ ಈ ಸೀಮೆಯಲ್ಲಿ ಜಗಳವಾದದ್ದೆಲ್ಲ ಹೆಸರಿನಿಂದಲೇ. ಚಿತ್ರವನ್ನು ಯಾರೂ ನೋಡುವುದಿಲ್ಲ. ಆ ಅಂಗೈಯಗಲದ ಚಿತ್ರದಲ್ಲಿ ದೋಟಿ ಇದ್ದಿದ್ದರೂ ಕೂದಲೆಳೆಯಷ್ಟೂ ಕಾಣುತ್ತಿರಲಿಲ್ಲ.

"ನಾನು ಜಡೆ ಹಾಕುತ್ತಿದ್ದೆ ಮಾರಾಯ," ಎಂದಳು. "ನೀನು ಎಂತ ಮಾಡ್ತಿದ್ದಿ?"

"ನಾನು ಬಟನ್ ಒತ್ತಿದೆ." ಪ್ರಸನ್ನ ತಲೆ ಕೆರೆದುಕೊಂಡ. "ಈಗ ಬಂದ ಸಾಫ್ಟ್‌ವೇರಿನಲ್ಲಿ ಆಕಾಶ ಎಲ್ಲಿದೆ ಅಂತ ಅದೇ ಹುಡುಕ್ತದೆ, ಅದೇ ಕತ್ತರಿಸ್ತದೆ, ಹೊಸ ಆಕಾಶ ಅದೇ ಹಾಕ್ತದೆ. ಮದುಮಕ್ಕಳ ಫೋಟೋಕ್ಕೆ ಭಾರೀ ಒಳ್ಳೆದಾಗ್ತದೆ. ಮದುಮಕ್ಕಳು ದಪ್ಪ ಇರ್ತಾರಲ್ಲ, ಬಿಟ್ಟುಹೋಗುದಿಲ್ಲ. ನಿಮ್ಮ ದೋಟಿ ಸಪೂರ. ಅದನ್ನು ಆಕಾಶ ಅಂತ ತಿಳ್ಕೊಂಡು ನುಂಗಿಬಿಟ್ಟಿದೆ."

"ಹಾಗಾದ್ರೆ ಆಕಾಶ ಬದಲು ಮಾಡುದೇ ಬೇಡ. ಮೊದಲಿನದ್ದನ್ನೇ ಹಾಕು."

"ಮೊದಲಿನದ್ದು ಬರೀ ಬಿಳಿ ಅಕ್ಕ. ಫ್ಲೆಕ್ಸಿಗೆ ಹಾಕಿದ್ರೆ ಪ್ರಿಂಟು ಮಾಡ್ಲಿಕ್ಕೆ ಮರೆತಿದ್ದಾರೆ ಅಂತ ಹೇಳ್ತಾರೆ. ಮತ್ತೆ ನೀಲಿ ಬೇಕು ಅಂತ ಹಟ ಹಿಡಿದದ್ದು ನೀವೇ."

ಅದೂ ನಿಜ. ಆ ಫೋಟೋ ಕಳೆದ ಮಳೆಗಾಲದ್ದು. ಶ್ಯಾಮ ಎದುರಿನ ಎತ್ತರದ ದರೆಯ ಮೇಲೆ ನಿಂತು ಫೋನಿನಲ್ಲಿ ತೆಗೆದದ್ದು. ಹಿಂದೆ ಆಕಾಶ ಅಕ್ಕಿ ತೊಳೆದ ನೀರಿನ ಹಾಗೆ ಇತ್ತು. ಅಂಥ ಆಕಾಶ ನೋಡಿದರೆ ತೋಟದವನ ಮನಸ್ಸಿನಲ್ಲಿ ಮೊದಲು ಏಳುವ ಮಾತು, 'ಇವರು ಬಿಟ್ಟ ಮದ್ದನ್ನು ಮಳೆ ತೊಳೆದುಕೊಂಡು ಹೋಯಿತು' ಎಂದು. ಮದ್ದು ಬಿಡುವುದು ಬಿಸಿಲು ಬಿದ್ದ ದಿನ ನೋಡಿ. ಆದುದರಿಂದ ಸೇವಂತಿಗೆ ಬ್ಯಾನರಿನಲ್ಲಿ ಬಿಸಿಲೂ ಬೇಕಿತ್ತು. ಹೊಸ ಫೋಟೋ ತೆಗೆಯೋಣವೆಂದರೆ ವಾರದಿಂದ ಬಾನು ಮುಚ್ಚಿಕೊಂಡೇ ಇತ್ತು.

"ನೀಲಿಯೂ ಬೇಕು, ದೋಟಿಯೂ ಬೇಕು," ಎಂದಳು ಸೇವಂತಿ. "ಮದ್ದಂತೂ ಬೇಕೇ ಬೇಕು. ರಾಧಾಕೃಷ್ಣ ಭಟ್ರು ಎಂತ ಹೇಳಿದ್ದಾರೆ ಗೊತ್ತುಂಟಾ?"

ಗೊತ್ತಿಲ್ಲದವರು ಯಾರು? ಭಟ್ಟರ ತೋಟ ಪೇಟೆಗೆ ತಾಗಿಕೊಂಡೇ ಇದೆ. ಅದಕ್ಕೆ ಯಾರು ಮದ್ದು ಬಿಡುತ್ತಾರೋ ಅವರನ್ನೇ ಸುತ್ತಲಿನ ನಾಲ್ಕು ತೋಟದವರು ಕರೆಯುತ್ತಾರೆ. ಇಷ್ಟು ವರ್ಷ ಮರ ಹತ್ತಿ ಮದ್ದು ಬಿಟ್ಟ ಡೊಂಬಯ್ಯನಿಗೆ ಈ ವರ್ಷ ಮೊಣಕಾಲು ನೋವು. ಸೇವಂತಿ ಹೋಗಿ ಕೇಳಿದಾಗ ಭಟ್ಟರು ಕೋಪಿಸಿಕೊಂಡಿರಲಿಲ್ಲ, ಮಜ್ಜಿಗೆ ಕೊಟ್ಟು ಕಳಿಸಿದ್ದರು. ಕೊಡುವಾಗ ಹೇಳಿದ ಮಾತು ಮಾತ್ರ ಊರಿಡೀ ಹರಡಿತ್ತು. "ಕೆಳಗೆ ನಿಂತು ಹೊಡೆದ್ರೆ ಗೊನೆಯ ಅಡಿ ಒದ್ದೆ ಆಗ್ತದೆ, ನೆತ್ತಿ ಒಣಗಿಯೇ ಇರ್ತದೆ. ಮಳೆ ಬೀಳುದು ನೆತ್ತಿಗೆ ಸೇವಂತಿ, ಪಾದಕ್ಕಲ್ಲ. ಡೊಂಬಯ್ಯ ಪಕ್ಕದಲ್ಲೇ ಕೂತು ಹೊಡೀತಿದ್ದ. ಆ ಉದ್ದದ ಕೋಲನ್ನು ಗಂಡಸರೇ ನಿಲ್ಲಿಸುದು ಕಷ್ಟ."

"ನೆತ್ತಿಗೆ ಬೀಳ್ತದೆ ಅಂತ ತೋರಿಸ್ಲಿಕ್ಕೆ ಬ್ಯಾನರು ಮಾಡಿಸಿದ್ರೆ ನೀನು ಕೋಲನ್ನೇ ಇಲ್ಲ ಮಾಡಿದಿ," ಎಂದಳು ಸೇವಂತಿ.

ಪ್ರಸನ್ನ ಕುರ್ಚಿ ಎಳೆದುಕೊಂಡ. ಸೇವಂತಿ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಅಷ್ಟರಲ್ಲಿ ಲೋಲಾಕ್ಷಿಯೂ ಬಂದಳು, ಪೇಟೆಯ ನಗು ಅವಳ ಕಿವಿಗೂ ಬಿದ್ದಿತ್ತು. "ನಾನು ಕಾರ್ಖಾನೆಗೆ ಹೋಗುದೇ ಒಳ್ಳೆದು ಕಾಣ್ತದೆ," ಎಂದು ಬಾಗಿಲಿಗೆ ಒರಗಿ ನಿಂತಳು. "ಅಲ್ಲಿ ಗೇರುಬೀಜವಾದ್ರೂ ಕೈಯಲ್ಲಿ ಕಾಣ್ತದೆ."

"ಸೋಮವಾರದವರೆಗೆ ಬಾಯಿ ಮುಚ್ಚಿಕೊಂಡಿರು ಮಾರಾಯ್ತಿ."

ಪ್ರಸನ್ನ ಮೊದಲು ಸುಲಭದ ದಾರಿ ಹಿಡಿದ. ಅವಳ ಮುಷ್ಟಿಯಿಂದ ಮರದ ತುದಿಯವರೆಗೆ ಒಂದು ಕಪ್ಪು ಗೆರೆ ಎಳೆದ. ಗೆರೆಯ ತುದಿಯಲ್ಲಿ ಬಿಳಿ ಬಣ್ಣವನ್ನು ಒಂದಿಷ್ಟು ಉಜ್ಜಿದ.

"ಇದೆಂತ, ಕರೆಂಟು ಕಂಬವಾ?" ಎಂದಳು ಸೇವಂತಿ.

"ದೋಟಿ."

"ದೋಟಿ ಇಷ್ಟು ಸೆಟೆದುಕೊಂಡು ಎಲ್ಲಿ ನಿಲ್ತದೆ? ಮೇಲೆ ಹೋದ ಹಾಗೆ ಬಾಗುತ್ತದೆ, ಗಾಳಿ ಬಂದ್ರೆ ಇನ್ನಷ್ಟು. ದೋಟಿ ನೋಡಿದ ಯಾರಾದ್ರೂ ಹೇಳ್ತಾರೆ ಇದು ಅಂಟಿಸಿದ್ದು ಅಂತ."

"ಮತ್ತೆ ಆ ಬಿಳಿ ಹೊಗೆ," ಎಂದಳು ಲೋಲಾಕ್ಷಿ, "ಮರದ ಮೇಲೆ ಯಾರೋ ಕೂತು ಬೀಡಿ ಸೇದಿದ ಹಾಗೆ ಉಂಟು."

ಪ್ರಸನ್ನ ಗೆರೆ ಅಳಿಸಿದ. ಮೂಲ ಫೋಟೋವನ್ನು ದೊಡ್ಡದು ಮಾಡಿ ದೋಟಿಯ ಅಂಚಿನುದ್ದಕ್ಕೂ ಒಂದೊಂದೇ ಚುಕ್ಕಿ ಇಡುತ್ತ ಕತ್ತರಿಸಲು ನೋಡಿದ. ದೋಟಿ ಹೇಗೋ ಬಂತು, ಎರಡೂ ಬದಿಗೆ ಬಿಳಿಯ ಅಂಚು ಕಟ್ಟಿಕೊಂಡು, ಪಂಚೆಯ ಹಾಗೆ. ಸೋಗೆಯ ಹತ್ತಿರ ಬಂದಾಗ ಕೈ ಸೋತಿತು. ಒಂದೊಂದು ಸೋಗೆಯಲ್ಲೂ ಬಾಚಣಿಗೆಯಂತೆ ಎಲೆ, ಎಲೆಯ ನಡುವೆ ಬೆಳಕಿನ ಸೀಳು. ಇದನ್ನು ಕತ್ತರಿಸಿ ಮುಗಿಸುವಾಗ ಅಡಿಕೆ ಕೊಯ್ಲೇ ಬಂದೀತು.

ಅವನು ಮೌಸಿನಿಂದ ಕೈ ತೆಗೆದು ಬೆರಳ ನೆಟಿಗೆ ಮುರಿದುಕೊಂಡ. ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದ. ಆಮೇಲೆ, "ನಾನೊಬ್ಬ ಪೆದ್ದ," ಎಂದ.

"ಅದು ಬೆಳಿಗ್ಗೆಯೇ ಗೊತ್ತಾಯ್ತು," ಎಂದಳು ಲೋಲಾಕ್ಷಿ.

"ಅಲ್ಲಕ್ಕ. ಈ ಬಟನ್ ಬರುವ ಮೊದಲು ನಾವು ಮದುಮಗಳ ಹಾರಾಡುವ ಕೂದಲನ್ನು ಬಿಳಿ ಗೋಡೆಯಿಂದ ಬಿಡಿಸುತ್ತಿದ್ದದ್ದು ಹೇಗೆ? ಬಿಡಿಸುತ್ತಲೇ ಇರ್ಲಿಲ್ಲ! ಹಿಂದೆ ಬಿಳಿ ಇದ್ರೆ ಕತ್ತರಿಸುವ ಕೆಲಸವೇ ಇಲ್ಲ. ಮೇಲಿಂದ ಬಣ್ಣ ಹೊದಿಸಿದ್ರೆ ಆಯ್ತು. ಬಿಳಿ ಮುಂಡನ್ನು ನೀಲಿಯಲ್ಲಿ ಅದ್ದಿದ ಹಾಗೆ. ಬಿಳಿ ಇದ್ದದ್ದು ನೀಲಿಯಾಗ್ತದೆ, ಅಂಚಿನ ಕಪ್ಪು ನೂಲು ಕಪ್ಪಾಗಿಯೇ ಉಳೀತದೆ."

ಅವನು ನೀಲಿ ಆಕಾಶದ ಚಿತ್ರವನ್ನು ಫೋಟೋದ ಮೇಲೆ ಹರಡಿ, ಪಟ್ಟಿಯಿಂದ 'ಮಲ್ಟಿಪ್ಲೈ' ಎನ್ನುವುದನ್ನು ಆರಿಸಿದ.

ಬಿಳಿ ಬಾನು ನೀಲಿಯಾಯಿತು. ಅದರೊಳಗೆ ದೋಟಿ, ಬಾಗಿದ ಬೆನ್ನಿನ ಸಮೇತ, ಇಡೀ ದೋಟಿ ಎದ್ದು ನಿಂತಿತು. ದೋಟಿಗೆ ಅಲ್ಲಲ್ಲಿ ಕಟ್ಟಿದ ಪೈಪು, ಪೈಪು ಕಟ್ಟಿದ ದಾರದ ತುಂಡು, ಸೋಗೆಯ ಒಂದೊಂದು ಎಲೆಯ ಚೂಪು, ಎಲೆಯ ನಡುವಿನ ಸೀಳಿನಲ್ಲೂ ನೀಲಿ.

"ಹಾ!" ಎಂದಳು ಸೇವಂತಿ. ಮರುಕ್ಷಣ, "ಅಯ್ಯೋ, ನನ್ನ ಮುಖ!"

ಬಣ್ಣ ಎಲ್ಲದರ ಮೇಲೂ ಇಳಿದಿತ್ತು. ಸೇವಂತಿಯ ಮುಖ, ಟೊಪ್ಪಿ, ಹಳದಿ ಅಂಗಿ ಎಲ್ಲ ನೀಲಿ.

"ಕೃಷ್ಣ ವೇಷ ಸೇವಂತಿಯಕ್ಕ," ಎಂದಳು ಲೋಲಾಕ್ಷಿ. "ಕೊಳಲು ಸ್ವಲ್ಪ ಉದ್ದ ಆಯ್ತು ಅಷ್ಟೆ."

"ಅದನ್ನು ಕೆಳಗಿಂದ ಒರಸಿಬಿಡುವ." ಪ್ರಸನ್ನ ದಪ್ಪ ಬ್ರಶ್ ಹಿಡಿದು ಕೆಳಭಾಗದ ನೀಲಿಯನ್ನು ತೆಗೆದ. ಅಲ್ಲಿ ಸಣ್ಣದೇನೂ ಇರಲಿಲ್ಲ. ಹೆಂಗಸು, ಮರದ ಬುಡ, ಡ್ರಮ್ಮು. ಕಣ್ಣುಮುಚ್ಚಿ ಒರಸಿದರೂ ತಪ್ಪುವಂತಿರಲಿಲ್ಲ.

"ಮದ್ದು ಎಲ್ಲಿ?" ಎಂದಳು ಸೇವಂತಿ.

ಮದ್ದು ಇನ್ನೂ ಕಾಣುತ್ತಿರಲಿಲ್ಲ. ಸುಣ್ಣ ಮತ್ತು ಮೈಲುತುತ್ತು ಕಲಸಿದ ಮದ್ದು, ಅದೇ ತಿಳಿ ನೀಲಿ. ಬಿಳಿ ಆಕಾಶದಲ್ಲಿ ಅದು ಕಂಡೂ ಕಾಣದ ಹಾಗಿತ್ತು, ನೀಲಿ ಹೊದಿಸಿದ ಮೇಲೆ ಅದರಲ್ಲೇ ಕರಗಿಹೋಯಿತು.

"ಬಣ್ಣದ ಫೋಟೋ ಅಂದ್ರೆ ಮೂರು ಪದರ," ಎಂದ ಪ್ರಸನ್ನ. "ಕೆಂಪು, ಹಸಿರು, ನೀಲಿ. ಒಂದೊಂದನ್ನೇ ತೆರೆದು ನೋಡ್ಲಿಕ್ಕೆ ಆಗ್ತದೆ. ಯಾವುದ್ರಲ್ಲಾದ್ರೂ ಮದ್ದು ಸಿಕ್ಕಿಬಿದ್ದೀತು."

ನೀಲಿಯ ಪದರ ತೆರೆದ. ಕಪ್ಪು ಬಿಳುಪಿನ ಚಿತ್ರ, ಮೇಲೆಲ್ಲ ಖಾಲಿ ಬಿಳಿ. ಹಸಿರಿನದ್ದರಲ್ಲಿ ಒಂದು ಮಸುಕು, ಗಾಜಿನ ಮೇಲೆ ಉಸಿರು ಬಿಟ್ಟಷ್ಟು. ಕೆಂಪಿನ ಪದರ ತೆರೆದಾಗ ಅವನು ಕುರ್ಚಿಯಲ್ಲಿ ಮುಂದೆ ಬಾಗಿದ. "ಇಲ್ಲುಂಟು. ಬಿಳಿ ಬಾನಿನಲ್ಲಿ ಕೆಂಪೂ ಉಂಟು, ಮದ್ದಿನಲ್ಲಿ ಕೆಂಪು ಕಡಿಮೆ. ಅದಕ್ಕೆ ಇದ್ರಲ್ಲಿ ಮದ್ದು ಮಾತ್ರ ಕಪ್ಪಾಗಿದೆ." ಅವನು ಬಿಳಿಯನ್ನು ಇನ್ನಷ್ಟು ಬಿಳಿ, ಕಪ್ಪನ್ನು ಇನ್ನಷ್ಟು ಕಪ್ಪು ಮಾಡುತ್ತ ಹೋದ.

ಗಂಜಿಯೊಳಗಿಂದ ಅನ್ನದ ಅಗುಳು ಮೇಲೆ ಬಂದ ಹಾಗೆ ಮದ್ದು ಮೇಲೆ ಬಂತು. ಮೂವರೂ ಪರದೆಯ ಹತ್ತಿರಕ್ಕೆ ಬಗ್ಗಿದರು.

ನೋಝಲ್ ಗೊನೆಯ ಅಡಿಯಲ್ಲಿರಲಿಲ್ಲ. ಬಾಗಿದ ದೋಟಿಯ ತುದಿ ಗೊನೆಯನ್ನು ದಾಟಿ ಮೇಲೆ ಹೋಗಿತ್ತು. ಅಲ್ಲಿಂದ ಮದ್ದು ಚಿಮ್ಮಿ, ಹರಡಿ, ಬಿಚ್ಚಿದ ಕೊಡೆಯ ಹಾಗೆ ಗೊನೆಯ ನೆತ್ತಿಯ ಮೇಲೆ ಸುತ್ತಲೂ ಇಳಿಯುತ್ತಿತ್ತು.

"ಇದು ನಾನು ಹೊಡೆದದ್ದಾ?" ಎಂದಳು ಸೇವಂತಿ ಮೆಲ್ಲಗೆ.

ಅವಳು ಅದನ್ನು ಯಾವತ್ತೂ ನೋಡಿರಲಿಲ್ಲ. ಮದ್ದು ಬಿಡುವಾಗ ಕನ್ನಡಕದ ಮೇಲೆ ಹನಿ ಬೀಳುತ್ತದೆ, ತಲೆಯೆತ್ತಿದರೆ ಬೆಳಕು ಕಣ್ಣಿಗೆ ಹೊಡೆಯುತ್ತದೆ. ತುದಿ ಗೊನೆಗೆ ತಾಗಿದ್ದು ಅಂಗೈಗೆ ತಿಳಿಯುತ್ತದೆ; ತಾಗಿದ ಮೇಲೆ ಇನ್ನಷ್ಟು ಎತ್ತಿ ಮಣಿಕಟ್ಟು ತಿರುಗಿಸುವುದು ತರಬೇತಿಯಲ್ಲಿ ಕಲಿತ ಅಭ್ಯಾಸ. ಉಳಿದದ್ದನ್ನು ನಂಬಿಕೊಂಡಿದ್ದಳು, ಅಷ್ಟೆ.

"ಸೇವಂತಿ, ನಿನ್ನ ದೋಟಿಯನ್ನು ಯಾರು ಹೊತ್ತುಕೊಂಡು ಹೋದದ್ದು?"

ಮೆಟ್ಟಿಲ ಕಡೆಯಿಂದ ಮಾತು ಬಂತು, ಅದರ ಹಿಂದೆಯೇ ರಾಧಾಕೃಷ್ಣ ಭಟ್ಟರು ಬಂದರು. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದುಕೊಂಡು ಹೋಗಲು ಬಂದವರು, ದಾರಿಯಲ್ಲಿ ಶ್ಯಾಮ ಬ್ಯಾನರು ಮಡಚುವುದನ್ನೂ ನೋಡಿಕೊಂಡೇ ಬಂದಿದ್ದರು.

"ಸಿಕ್ಕಿತು ಭಟ್ರೆ," ಎಂದಳು ಸೇವಂತಿ. "ದೋಟಿಯೂ ಸಿಕ್ಕಿತು, ನಿಮ್ಮ ನೆತ್ತಿಯೂ ಸಿಕ್ಕಿತು. ಬಂದು ನೋಡಿ."

ಭಟ್ಟರು ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರ ಬಗ್ಗಿದರು. ಗೊನೆ ನೋಡಿದರು, ಗೊನೆಯ ಮೇಲಿನ ಕೊಡೆ ನೋಡಿದರು. ಬಹಳ ಹೊತ್ತು ನೋಡಿದರು. ಲೋಲಾಕ್ಷಿ ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದಳು.

"ಚಂದ ಉಂಟು," ಎಂದರು ಭಟ್ಟರು ಕೊನೆಗೆ. "ಆದ್ರೆ ದೋಟಿ ಮಾಯ ಮಾಡ್ಲಿಕ್ಕೆ ಗೊತ್ತಿದ್ದವನಿಗೆ ಮದ್ದು ಬರಿಸ್ಲಿಕ್ಕೆ ಗೊತ್ತಿಲ್ವಾ?"

ಪ್ರಸನ್ನನ ಕಿವಿ ಕೆಂಪಾಯಿತು. "ನಾನು ಒಂದು ಚುಕ್ಕಿಯನ್ನೂ ಇಟ್ಟದ್ದಲ್ಲ ಭಟ್ರೆ! ಇದು ಫೋಟೋದೊಳಗೇ ಇದ್ದದ್ದು. ಬೇಕಾದ್ರೆ ಮೊದಲಿಂದ ಮಾಡಿ ತೋರಿಸ್ತೇನೆ."

"ನೀನು ತೋರಿಸ್ತಿ. ನನಗೆ ಅರ್ಥ ಆಗ್ಬೇಕಲ್ಲ ಮಾರಾಯ."

"ಅವರು ಹೇಳುದು ಸರಿ," ಎಂದಳು ಸೇವಂತಿ. ಅವಳು ಇನ್ನೂ ಆ ಕೊಡೆಯನ್ನೇ ನೋಡುತ್ತಿದ್ದಳು. ಮಾತಿಗೆ ಎಲ್ಲಿಂದಲೋ ಬಲ ಬಂದಿತ್ತು. "ಭಟ್ರೆ, ಬಿಸಿಲು ಬಿದ್ದ ದಿನ ನಾವು ನಿಮ್ಮ ತೋಟಕ್ಕೆ ಬರ್ತೇವೆ. ಮರ ನೀವೇ ಹೇಳಿ, ಎಷ್ಟು ಎತ್ತರದ್ದಾದ್ರೂ ಆಗ್ಬಹುದು. ಮದ್ದು ಬಿಟ್ಟ ಮೇಲೆ ಆ ಗೊನೆಯನ್ನು ಕೊಯ್ದು ಕೆಳಗೆ ಇಳಿಸ್ತೇನೆ. ನೆತ್ತಿ ಒಣಗಿದ್ರೆ ನಾವು ದೋಟಿ ಮಡಚಿಕೊಂಡು ಮನೆಗೆ."

"ಎಳೆ ಗೊನೆ ಕೊಯ್ಯುದಾ?"

"ಒಂದು ಗೊನೆ. ಡೊಂಬಯ್ಯನ ಮೊಣಕಾಲಿಗಿಂತ ಹೆಚ್ಚಲ್ಲ."

ಭಟ್ಟರು ನಕ್ಕು, ತಮ್ಮ ಫೋಟೋದ ಲಕೋಟೆ ಕಿಸೆಗೆ ಹಾಕಿಕೊಂಡರು. "ಬನ್ನಿ. ನೋಡುವ."

ಅವರು ಮೆಟ್ಟಿಲಿಳಿದ ಮೇಲೆ ಲೋಲಾಕ್ಷಿ ಸೇವಂತಿಯ ತೋಳು ಹಿಡಿದಳು. "ನಿಮಗೆ ಮಂಡೆ ಸಮ ಉಂಟಾ? ಒಣಗಿದ್ರೆ ಸಂಜೆಯೊಳಗೆ ಬೆಳ್ಳಾರೆಗಿಡೀ ಗೊತ್ತಾಗ್ತದೆ. ಬ್ಯಾನರಿಗೆ ನಕ್ಕದ್ದು ಮರೀಬಹುದು, ಇದನ್ನು ಮರೆಯುದಿಲ್ಲ."

"ಒಣಗಿದ್ರೆ ನೀನು ಕಾರ್ಖಾನೆಗೆ ಹೋಗು. ನಾನೂ ಬರ್ತೇನೆ."

ಶನಿವಾರ ಬಾನು ಬಾಯಿ ಬಿಟ್ಟಿತು. ಮೋಡದ ನಡುವೆ ಅಂಗಳದಗಲದ ನೀಲಿ ಕಂಡದ್ದೇ ಪ್ರೇಮಾವತಿ ಎಲ್ಲರಿಗೂ ಫೋನು ಮಾಡಿ ಎಬ್ಬಿಸಿದಳು. ಪಂಪು, ಡ್ರಮ್ಮು, ಪೈಪಿನ ಸುರುಳಿ ಎಲ್ಲ ಶ್ಯಾಮ ತಂದ ಪಿಕಪ್ಪಿನಲ್ಲಿ ಭಟ್ಟರ ತೋಟ ಸೇರಿದವು. ಪ್ರಸನ್ನನೂ ಬಂದ. "ನನ್ನ ಮರ್ಯಾದೆ ಪ್ರಶ್ನೆಯೂ ಉಂಟಲ್ಲ," ಎಂದ.

ಭಟ್ಟರು ಆರಿಸಿದ್ದು ತೋಟದ ಮೂಲೆಯ ಹಳೇ ಮರ. ಅದರ ತಲೆ ನೋಡಲು ಟೊಪ್ಪಿ ಹಿಡಿದುಕೊಳ್ಳಬೇಕಿತ್ತು.

"ಇದು ಮರವಾ, ಮೊಬೈಲ್ ಟವರಾ?" ಎಂದಳು ಪ್ರೇಮಾವತಿ. "ಇದಕ್ಕೆ ಡೊಂಬಯ್ಯ ಹತ್ತುತ್ತಿದ್ದದ್ದು ಹೌದಾ ಭಟ್ರೆ?"

"ಇಲ್ಲ," ಎಂದರು ಭಟ್ಟರು ಪ್ರಾಮಾಣಿಕವಾಗಿ. "ಇದನ್ನು ಅವನೂ ಬಿಡ್ತಿದ್ದ."

ಸೇವಂತಿ ದೋಟಿಯನ್ನು ಕೊಳವೆ ಕೊಳವೆಯಾಗಿ ಎಳೆದು ಬಿಗಿಮಾಡಿದಳು, ಪೈಪು ಕಟ್ಟಿದಳು, ಬುಡವನ್ನು ಕಾಲಿನ ಹತ್ತಿರ ಊರಿ ನಿಲ್ಲಿಸಿದಳು. ದೋಟಿ ಒಮ್ಮೆ ಆ ಕಡೆ ತೂಗಿತು, ಒಮ್ಮೆ ಈ ಕಡೆ. ಲೋಲಾಕ್ಷಿ ಪೈಪಿನ ಭಾರವನ್ನು ಹೆಗಲಿಗೆ ತೆಗೆದುಕೊಂಡಳು. ಆಗ ದೋಟಿ ನಿಂತಿತು. ಪ್ರೇಮಾವತಿ ಪಂಪು ಶುರುಮಾಡಿದಳು.

ಕೆಳಗಿನವರಿಗೆ ಏನೂ ಕಾಣಲಿಲ್ಲ. ಸೋಗೆಯ ನಡುವೆ ಬೆಳಕು, ಬೆಳಕಿನೊಳಗೆ ದೋಟಿಯ ತುದಿ ಕರಗಿಹೋಗಿತ್ತು. ಭಟ್ಟರು ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ನಿಂತು ನೋಡಿ, "ಎಂತದೂ ಕಾಣುದಿಲ್ಲ. ಸಾಕು, ನಿಲ್ಲಿಸು," ಎಂದರು.

"ಆಚೆ ಬದಿಯಿಂದ ಇನ್ನೊಂದು ಸಲ..."

"ಸಾಕು ಸಾಕು. ಕೊಯ್ಯಿ."

ದೋಟಿ ಇಳಿಯಿತು. ನೋಝಲ್ ತೆಗೆದು ಕತ್ತಿ ಸಿಕ್ಕಿಸಿ ಮತ್ತೆ ಏರಿಸಿದಳು. ಪ್ರಸನ್ನ ಮತ್ತು ಶ್ಯಾಮ ಟರ್ಪಾಲಿನ ಮೂಲೆಗಳನ್ನು ಹಿಡಿದು ಮರದ ಬುಡದಲ್ಲಿ ಕತ್ತೆತ್ತಿ ಓಡಾಡಿದರು. "ನನ್ನ ತಲೆಗೆ ಬಿದ್ರೆ ಬ್ಯಾನರು ನೀವೇ ಮಾಡ್ಬೇಕಕ್ಕ," ಎಂದು ಪ್ರಸನ್ನ ಹೇಳಿ ಮುಗಿಸುವುದರೊಳಗೆ ಗೊನೆ ಬಂದು ಟರ್ಪಾಲಿನ ನಡುವೆ ಬಿತ್ತು. ಇಬ್ಬರೂ ಗೊನೆಯ ಜೊತೆಗೇ ಕುಳಿತರು.

ಎಲ್ಲರೂ ಸುತ್ತ ಸೇರಿದರು. ಭಟ್ಟರು ಗೊನೆಯನ್ನು ದಂಟು ಹಿಡಿದು ಎತ್ತಿ, ಮರದಲ್ಲಿ ನೇತಾಡುವ ಹಾಗೆಯೇ ಹಿಡಿದುಕೊಂಡರು. ಲೋಲಾಕ್ಷಿ ಕಣ್ಣು ಮುಚ್ಚಿದಳು.

ಗೊನೆಯ ನೆತ್ತಿಯಲ್ಲಿ, ದಂಟಿನಿಂದ ಎಳೆಗಳು ಕವಲೊಡೆಯುವ ಜಾಗದಲ್ಲಿ, ಹಸಿರು ಕಾಯಿಗಳ ಮೇಲೆ ನೀಲಿ ಹನಿಗಳು ಕೂತಿದ್ದವು. ಆಗಲೇ ಒಣಗಲು ಶುರುವಾಗಿ ಸುಣ್ಣದ ಬಿಳುಪು ಹೊಮ್ಮುತ್ತಿತ್ತು. ಭಟ್ಟರು ಕಾಯಿಗಳ ನಡುವೆ ಬೆರಳು ತೂರಿಸಿದರು. ಹೊರಗೆ ಬಂದ ಬೆರಳು ನೀಲಿ. ಗೊನೆಯನ್ನು ನಿಧಾನವಾಗಿ ತಿರುಗಿಸಿದರು. ಒಂದು ಕಡೆ ಕೈ ನಿಂತಿತು.

"ಇಲ್ಲಿ ಒಣಗಿದೆ."

ಹೌದು. ಮರದ ಕಡೆಗಿದ್ದ ಬದಿಯಲ್ಲಿ ಒಂದು ಹಿಡಿಯಷ್ಟು ಕಾಯಿಗಳು ಬರೀ ಹಸಿರಾಗಿದ್ದವು.

ಲೋಲಾಕ್ಷಿ ಮುಚ್ಚಿದ ಕಣ್ಣು ತೆರೆಯಲಿಲ್ಲ. ಸೇವಂತಿ ಸೆರಗಿಲ್ಲದ ಅಂಗಿಯಲ್ಲಿ ಸೆರಗು ಹುಡುಕಿ, ಸಿಗದೆ, ತೋಳಿನಲ್ಲೇ ಮುಖ ಒರಸಿಕೊಂಡಳು.

"ಅದು ಮರದ ಮರೆ ಭಟ್ರೆ. ಆಚೆ ಬದಿಯಿಂದ ಒಂದು ಸಲ ಕೊಡ್ಬೇಕು ಅಂದೆ. ಸಾಕು ಸಾಕು ಹೇಳಿದ್ದು ನೀವು."

ಭಟ್ಟರು ಗೊನೆ ನೋಡಿದರು. ಮರ ನೋಡಿದರು. ಆಮೇಲೆ ತಮ್ಮ ನೀಲಿ ಬೆರಳನ್ನು ನೋಡಿಕೊಂಡು ಗಟ್ಟಿಯಾಗಿ ನಕ್ಕರು. "ನಾನೇ ಹೇಳಿದ್ದು. ಡೊಂಬಯ್ಯನಿಗೂ ಹೀಗೇ ಕೆಳಗಿಂದ ಕೂಗುತ್ತಿದ್ದೆ, ಅವನು ಕಿವಿಗೇ ಹಾಕ್ಕೊಳ್ತಿರ್ಲಿಲ್ಲ. ಇನ್ನು ನೀನೂ ಹಾಕ್ಕೊಳ್ಬೇಡ." ಗೊನೆಯನ್ನು ಟರ್ಪಾಲಿನ ಮೇಲಿಟ್ಟರು. "ಕೆಳಗಿನ ತೋಟ ನಿಮಗೆ. ಮೇಲಿನದ್ದು ಆಮೇಲೆ ನೋಡುವ."

"ಅರ್ಧ ತೋಟಕ್ಕೆಲ್ಲ ಡ್ರಮ್ಮು ಹೊತ್ತು ತರ್ಲಿಕ್ಕೆ ನನ್ನ ಸೊಂಟ ಒಪ್ಪುದಿಲ್ಲ," ಎಂದಳು ಪ್ರೇಮಾವತಿ ಪಂಪಿನ ಪಕ್ಕದಿಂದ, ಯಾರನ್ನೂ ನೋಡದೆ. "ಎರಡೂ ಆದ್ರೆ ಪಂಪು ಇಲ್ಲೇ ಬಿಟ್ಟು ಹೋಗ್ಬಹುದು. ನಾಳೆ ಬೆಳಿಗ್ಗೆ ಬೇಗ ಶುರು."

ಭಟ್ಟರು ಬಾನು ನೋಡಿದರು. ನೀಲಿ ಇನ್ನೂ ಮುಚ್ಚಿರಲಿಲ್ಲ, ಆದರೆ ಪಶ್ಚಿಮದಲ್ಲಿ ಮೋಡ ದಪ್ಪವಾಗುತ್ತಿತ್ತು. ಇಂಥ ಬಿಸಿಲು ಮತ್ತೆ ಯಾವಾಗ ಬರುತ್ತದೋ ಯಾರಿಗೆ ಗೊತ್ತು? "ಆಯ್ತು ಮಾರಾಯ್ತಿ, ಎರಡೂ," ಎಂದರು. "ನಾಳೆ ಯಾಕೆ, ಈಗಲೇ ಹಿಡೀರಿ. ತಿಂಡಿ ಇಲ್ಲೇ ಮಾಡಿಸ್ತೇನೆ."

ಲೋಲಾಕ್ಷಿ ಪೈಪನ್ನು ಹೆಗಲಿನಿಂದ ಇಳಿಸಿ, ಕೈಯನ್ನು ಅಂಗಿಗೆ ಉಜ್ಜಿಕೊಂಡು ಫೋನು ತೆಗೆದು ಸ್ವಲ್ಪ ದೂರ ಹೋದಳು. ಅವಳ ಮಾತು ಎಲ್ಲರಿಗೂ ಕೇಳುತ್ತಿತ್ತು. "ಹಲೋ, ನಾನು ಬೆಳ್ಳಾರೆಯ ಲೋಲಾಕ್ಷಿ. ಸೋಮವಾರ ಬರ್ಲಿಕ್ಕೆ ಆಗುದಿಲ್ಲ ಅಂತ ಹೇಳ್ಲಿಕ್ಕೆ... ಇಲ್ಲ, ಮುಂದಿನ ಸೋಮವಾರವೂ ಇಲ್ಲ. ಕೆಲಸ ಉಂಟು ನನಗೆ."

"ಹೊಸ ಬ್ಯಾನರು ರೆಡಿ ಉಂಟು ಅಕ್ಕ," ಎಂದ ಪ್ರಸನ್ನ, ಮೈಮೇಲಿನ ಕಸ ಕೊಡವುತ್ತ. "ದೋಟಿ, ಪೈಪು, ದಾರ ಎಲ್ಲ ಬಂದಿದೆ. ಆ ಕೆಂಪು ಪದರದಿಂದ ಮದ್ದಿನ ಆಕಾರ ಹಿಡಿದು ಅಷ್ಟಕ್ಕೇ ಬೆಳ್ಳಗೆ ಮಾಡಿದ್ದೇನೆ, ನೀಲಿಯಲ್ಲಿ ಎದ್ದು ಕಾಣ್ತದೆ. ಹೇಳಿದ್ರೆ ಪುತ್ತೂರಿಗೆ ಕಳಿಸ್ತೇನೆ, ಸಂಜೆಯ ಬಸ್ಸಿಗೆ ಬರ್ತದೆ."

"ಕಳಿಸ್ಬೇಡ!" ಎಂದರು ಭಟ್ಟರು ತಟ್ಟನೆ. "ನನ್ನ ತೋಟ ಮುಗಿಯುವವರೆಗೆ ಅದನ್ನು ಏರಿಸ್ಬೇಡ ಮಾರಾಯ. ನೋಡಿದ್ರೆ ಎಲ್ಲರೂ ಕರೀತಾರೆ, ಇವರು ನನ್ನ ಅರ್ಧ ಬಿಟ್ಟು ಓಡ್ತಾರೆ."

ಸೇವಂತಿ ಕತ್ತಿ ತೆಗೆದು ನೋಝಲ್ ಸಿಕ್ಕಿಸುತ್ತಿದ್ದಳು. ಹೊಸ ಬ್ಯಾನರು ತೋರಿಸುತ್ತಿದ್ದ ಫೋನನ್ನು ಪ್ರಸನ್ನನ ಕೈಯಿಂದ ತೆಗೆದುಕೊಂಡು, ಈ ಸಲ ನೆರಳಿಗೆ ಹೋಗಿ, ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ, ಮುಷ್ಟಿಯಿಂದ ಗೊನೆಯವರೆಗೆ ದೋಟಿಯನ್ನು ಕಣ್ಣಿನಲ್ಲೇ ಮೆಲ್ಲಗೆ ಹತ್ತಿದಳು. ಎಲ್ಲಿಯೂ ತುಂಡಾಗಿರಲಿಲ್ಲ.

"ಕಳಿಸು," ಎಂದಳು.